ಹಲಗೆ ಗೋಡೆಯ ಆಚೆ ವನಜಾಕ್ಷಿ ಮೇಡಂ

ಇಲ್ಲ... ಇದು ಹೇಗೆ ಸಾಧ್ಯ?
ಭಾನುವಾರವಷ್ಟೇ ಜಯನಗರದ ವನಜಾಕ್ಷಿ ಮೇಡಂ ಮನೆಯಲ್ಲಿ ಕಾಫಿ ಕುಡಿದು ಬಂದಿದ್ದೆ.
ಇವತ್ತು ಬೆಳಿಗ್ಗೆ ಅವರ ಮಗಳು ಫೋನ್ ಮಾಡಿ "ಅಮ್ಮ ಹೋಗ್ಬಿಟ್ರು ಸಾರ್" ಅಂದಾಗ, "ಎಲ್ಲಿಗಮ್ಮ?" ಎಂದು ಕೇಳಿಬಿಟ್ಟೆ... ಪೆದ್ದನ ಹಾಗೆ.

ದುಃಖವಿದೆ. ಆದರೆ ಅದಕ್ಕಿಂತ ಹೆಚ್ಚಾಗಿ ನೆಮ್ಮದಿಯಿದೆ. ತಪ್ಪು ತಿಳಿಯಬೇಡಿ, ಯಾಕೆಂದು ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆ. ಬನಶಂಕರಿಯ ಒಂದು ಶಾಲೆಗೆ ವಿಜ್ಞಾನದ ಮೇಷ್ಟ್ರಾಗಿ ಸೇರಿದ್ದೆ.
ನನ್ನ ಕ್ಲಾಸಿಗೂ ವನಜಾಕ್ಷಿ ಮೇಡಂ ಗಣಿತದ ಕ್ಲಾಸಿಗೂ ನಡುವೆ ಬರೀ ಹಲಗೆ ಗೋಡೆ.
ಆಚೆ ಮಗ್ಗಿ... ಈಚೆ ನನ್ನ ಗಂಟಲು!
ಪೀರಿಯಡ್ ಪೂರ್ತಿ ಒದರುತ್ತಿದ್ದೆ. ಮುಖ್ಯವಾದದ್ದು ಮಾತ್ರ ಬೆಲ್ ಹೊಡೆಯಲು ಎರಡು ನಿಮಿಷ ಇರುವಾಗ ನೆನಪಾಗುತ್ತಿತ್ತು.
ಮೊದಲ ಟೆಸ್ಟ್‌ನಲ್ಲಿ ಅರ್ಧ ಕ್ಲಾಸ್ ಫೇಲ್.
ತಪ್ಪು ಯಾರದು? ನನ್ನ ಪ್ರಕಾರ ಮಗ್ಗಿಯದು...

ಹೆಡ್‌ಮಾಸ್ಟರಿಗೆ ದೂರು ಬರೆದೆ. ಹೆಸರು ಹಾಕದೆ.
'ಆ ಮೇಡಂಗೆ ಕ್ಲಾಸ್ ಕಂಟ್ರೋಲ್ ಇಲ್ಲ' ಎಂದು.
ಅವರನ್ನು ಕರೆಸಿ ಎಲ್ಲರೆದುರೇ ಬೈದರು. ನಾನು ಕಂಬದ ಹಾಗೆ ನಿಂತಿದ್ದೆ. ಥೂ!

ಮಾರನೇ ದಿನ ಅವರೇ ನನ್ನ ಹತ್ತಿರ ಬಂದರು.
"ಸಾರ್, ನೀವು ಹದಿನೈದು ನಿಮಿಷ ಪಾಠ ಮಾಡಿ, ನನ್ ಮಕ್ಳು ಬರೀತಿರ್ತಾರೆ. ಆಮೇಲೆ ನಾನು ಹದಿನೈದು, ನಿಮ್ಮವ್ರು ಬರೀಲಿ."
"ಉಳಿದ ಹತ್ತು ನಿಮಿಷ?"
"ನಾವಿಬ್ರೂ ಬಾಯ್ಮುಚ್ಕೊಂಡು ಮಕ್ಳ ಮಾತು ಕೇಳೋಣ. 'ಅರ್ಥ ಆಯ್ತು ಸಾರ್' ಅಂತ ಒಟ್ಟಿಗೆ ಕೂಗಿದ್ರೆ ನಂಬ್ಬೇಡಿ. ನಿಮ್ ಕಿಟಕಿ ಪಕ್ಕದ ಹುಡ್ಗೀರ ದನಿ ನಂಗೆ ಒಂದ್ಸಲಾನೂ ಕೇಳ್ಸಿಲ್ಲ."

ಆ ಹುಡುಗಿಯರಿಗೆ "ನಿಮ್ಮ ಮಾತಲ್ಲೇ ಹೇಳ್ರಮ್ಮ" ಅಂದೆ.
ಬಾಷ್ಪೀಕರಣ ಅಂದರೆ ಯಾವುದೋ ಮೆಷಿನ್ ಅಂದುಕೊಂಡಿದ್ದವು, ಪಾಪ... ಮೂರು ವಾರದಿಂದ!
ಒದ್ದೆ ಕರ್ಚೀಫನ್ನು ಕಿಟಕಿಗೆ ಹಾಕಿ ಸುಮ್ಮನೆ ಕೂತೆ. ಅದು ಒಣಗುವಷ್ಟರಲ್ಲಿ ಅವರೇ ಪಾಠ ಹೇಳಿದರು.
ನಾನು ಮೇಷ್ಟ್ರಾದದ್ದು ಅವತ್ತು.

ಮೇಡಂ... ಆ ದೂರಿನ ವಿಷಯ ನಿಮಗೆ ಗೊತ್ತಿಲ್ಲ ಅಂದುಕೊಂಡು ನಲವತ್ತು ಚಿಲ್ಲರೆ ವರ್ಷ ಒದ್ದಾಡಿದೆ.
ನೀವು ನಗುತ್ತಾ ಮಾತಾಡಿಸಿದಾಗಲೆಲ್ಲ ಬೇರೆ ಮಾತು ತೆಗೆದು ಜಾರಿಕೊಳ್ಳುತ್ತಿದ್ದೆ.
ಭಾನುವಾರ ತಡೆಯಲಾಗಲಿಲ್ಲ. ಲೋಟ ಕೆಳಗಿಟ್ಟು ಹೇಳಿಬಿಟ್ಟೆ... ಬರೆದದ್ದು ನಾನೇ ಎಂದು.

ನೀವು ಬಿದ್ದು ಬಿದ್ದು ನಕ್ಕಿರಿ.
"ಗೊತ್ತಿತ್ತು ಸಾರ್! ಖಾಲಿ ಕ್ಲಾಸಲ್ಲಿ ಕೂತು ಗಟ್ಟಿಯಾಗಿ ಓದ್ಕೊಂಡೇ ಬರೆದ್ರಲ್ಲ... ಗೋಡೆ ಆಚೆ ನಾನು ನೋಟ್ಸ್ ತಿದ್ತಿದ್ದೆ."
"ಅಯ್ಯೋ ಮೇಡಂ... ಮತ್ತೆ ಯಾಕೆ ಕೇಳ್ಲಿಲ್ಲ?"
"ನೀವೇ ಹೇಳ್ತೀರ ಅಂತ ಕಾಯ್ತಿದ್ದೆ. ಮುಖ್ಯವಾದ್ದನ್ನ ನೀವು ಬೆಲ್ ಹೊಡೆಯೋ ಹೊತ್ತಿಗೇ ಅಲ್ವಾ ಹೇಳೋದು!"

ಇವತ್ತು ಬೆಲ್ ಹೊಡೆಯಿತು ಮೇಡಂ.
ಸದ್ಯ... ಹೇಳಿ ಮುಗಿಸಿದ್ದೆ.

ಹೋಗಿಬನ್ನಿ. ನಿಮ್ಮ ಆತ್ಮ ತಣ್ಣಗಿರಲಿ... ನಾನಿನ್ನು ಹತ್ತು ನಿಮಿಷ ಸುಮ್ಮನಿರುತ್ತೇನೆ. 🙏