ಈಶಾಳ ಎರಡು ಫ್ರೀ ಥ್ರೋ

2023ರಲ್ಲಿ ನಾನು ಅಮೆರಿಕದ ಜಾರ್ಜಿಯಾ ರಾಜ್ಯದ ಕಮ್ಮಿಂಗ್ ಸುತ್ತಮುತ್ತ ಹೈಸ್ಕೂಲ್ ಬಾಸ್ಕೆಟ್‌ಬಾಲ್ ಪಂದ್ಯಗಳಿಗೆ ರೆಫರಿಯಾಗಿದ್ದೆ. ಪರಿಚಯದ ಕನ್ನಡ ಕುಟುಂಬಗಳು ಸೇರಿ ಹದಿಮೂರರ ಆಸುಪಾಸಿನ ಹುಡುಗಿಯರಿಗೆ ಪಂದ್ಯಾವಳಿ ಇಟ್ಟುಕೊಂಡಾಗ, "ನಸೀರ್ ಅಂಕಲ್ ಇದ್ದಾರಲ್ಲ" ಎಂದು ಶಿಳ್ಳೆಯನ್ನು ನನ್ನ ಕೊರಳಿಗೇ ಕಟ್ಟಿದರು.

ನಿಯಮ ಮಾತ್ರ ನನ್ನನ್ನು ಕೇಳಿ ಮಾಡಿದ್ದಲ್ಲ. ಟಿವಿಯಲ್ಲಿ ಕೋಟ್ಯಧಿಪತಿಗಳು ಆಡುವ ಪ್ರೊಫೆಷನಲ್ ಆಟದ್ದನ್ನೇ ಎತ್ತಿಕೊಂಡು ಬಂದಿದ್ದರು. ಶಾಲಾ ಆಟದಲ್ಲಿ ಐದು ಫೌಲ್‌ಗೆ ಹೊರಗೆ, ಅಲ್ಲಿ ಆರಕ್ಕೆ, ಅದು ಹಾಳಾಗಲಿ. ಫೌಲ್‌ನಿಂದ ಪೆಟ್ಟಾದವಳು ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬರದ ಎಸೆತ, ಹಾಕಲಾರದಿದ್ದರೆ ಶಾಲಾ ಆಟದಲ್ಲಿ ಅವಳ ಬದಲಿಗೆ ಬಂದವಳು ಹಾಕುತ್ತಾಳೆ. ಪ್ರೊಫೆಷನಲ್ ಆಟದಲ್ಲಿ ಸಾಮಾನ್ಯವಾಗಿ ಪೆಟ್ಟಾದವರ ತಂಡದ ಬೆಂಚಿನಲ್ಲಿ ಕೂತ ಬದಲಿ ಆಟಗಾರರಲ್ಲಿ ಯಾರು ಬಂದು ಎಸೆಯಬೇಕೆಂದು ಎದುರಾಳಿ ಕೋಚ್ ಆರಿಸುತ್ತಾನೆ. ಮಕ್ಕಳಿಗೆ ಇದು ಬೇಡ ಎಂದೆ. ಸಂಘಟಕ ಪ್ರಕಾಶ್ ನಕ್ಕುಬಿಟ್ಟರು. "ಫುಲ್ ಪ್ರೊ ಸ್ಟೈಲಲ್ಲೇ ಮಾಡೋಣ ಸರ್, ಕಿಡ್ಸ್‌ಗೆ ಥ್ರಿಲ್ ಇರತ್ತೆ."

ಫೈನಲ್‌ನ ಕೊನೆಯ ಗಳಿಗೆ. ಒಂದು ಅಂಕ ಹಿಂದಿದ್ದ ತಂಡದ ಈಶಾ ಬುಟ್ಟಿಗೆ ಜಿಗಿದಾಗ ಎದುರಾಳಿಯ ಭುಜ ತಗುಲಿ ಬಿದ್ದಳು. ತಲೆ ಮರದ ನೆಲಕ್ಕೆ ಬಡಿದ ಸದ್ದು ಎಲ್ಲರಿಗೂ ಕೇಳಿಸಿತು. ಶಿಳ್ಳೆ ಊದಿ ಆಟ ನಿಲ್ಲಿಸಿದೆ. ಫೌಲ್, ಎರಡು ಫ್ರೀ ಥ್ರೋ. ಎದುರಾಳಿ ಕೋಚ್ ಆಗಲೇ ಈಶಾಳ ತಂಡದ ಬೆಂಚಿನಲ್ಲಿ ಚೆಂಡು ಹಿಡಿಯಲೂ ಬಾರದ ಹುಡುಗಿಯನ್ನು ಹುಡುಕುತ್ತಿದ್ದ. ಹಾಗಾಗಿ ಇಡೀ ತಂಡಕ್ಕೆ ಈಶಾಳೇ ಎದ್ದು ನಿಲ್ಲಬೇಕಿತ್ತು.

ಅವಳ ಅಪ್ಪ ಡಾ. ಪಾಟೀಲ್, ಧಾರವಾಡದವರು, ಹೃದಯ ತಜ್ಞರು, ಓಡಿಬಂದು ಅವಳನ್ನು ಎಬ್ಬಿಸಿದರು. "ಎರಡ ಶಾಟ್ ಹೊಡದ ಬರ್ತಾಳ ಬಿಡ್ರಿ. ನಾ ಡಾಕ್ಟರ್ ಅದೀನಿ, ಏನೂ ಆಗಿಲ್ಲ." ಸುತ್ತಲಿದ್ದವರೆಲ್ಲ ತಲೆಯಾಡಿಸಿದರು. ನಮ್ಮ ಜನ ಸೇರಿದಲ್ಲಿ ಡಾಕ್ಟರ್ ಅಂಕಲ್ ಹೇಳಿದ ಮೇಲೆ ಮುಗಿಯಿತು, ಅಪೀಲಿಲ್ಲ.

ಈಶಾ ತೂರಾಡುತ್ತ ಗೆರೆಯ ಹತ್ತಿರ ಬಂದು ನನ್ನನ್ನು ಕೇಳಿದಳು. "ಅಂಕಲ್, ವಿಚ್ ಒನ್ ಈಸ್ ಅವರ್ ಬಾಸ್ಕೆಟ್?"

ನನಗೆ ಪಿತ್ತ ನೆತ್ತಿಗೇರಿತು. ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡೆ. ತಲೆಗೆ ಏಟಾಗಿ ಮಿದುಳು ಅಲುಗಿದ ಅನುಮಾನ ಬಂದರೆ ನಮ್ಮ ಶಾಲಾ ಆಟದಲ್ಲಿ ಆ ದಿನ ಮತ್ತೆ ಅಂಗಳಕ್ಕೆ ಇಳಿಯುವಂತಿಲ್ಲ. "ಇವತ್ತು ಇವಳು ಆಡಲ್ಲ."

"ಅಕೀ ಅಪ್ಪ ನಾನು, ನಾ ಹೇಳಾಕತ್ತೀನಿ!"

"ಹಾಗಾದ್ರೆ ಸ್ಕೋರ್‌ಬೋರ್ಡ್ ನೋಡೋದು ಬಿಟ್ಟು ಮಗಳ ಮುಖ ನೋಡಿ, ಡಾಕ್ಟ್ರೇ!"

ಅವರು ನೋಡಿದರು. ಅಷ್ಟರಲ್ಲಿ ಅವಳು ಅಲ್ಲೇ ವಾಂತಿ ಮಾಡಿಕೊಂಡಳು. ಪಾಟೀಲರು ಅವಳನ್ನೆತ್ತಿಕೊಂಡು ಕಾರಿನತ್ತ ಓಡಿದರು. ಅವರು ಬಾಗಿಲು ದಾಟುವ ಮೊದಲೇ ಪ್ರಕಾಶ್ ನನ್ನ ಬಳಿ ಬಂದು, "ಸರ್, ಈಗ ಫ್ರೀ ಥ್ರೋ ಯಾರು ಹಾಕ್ತಾರೆ?" ಎಂದರು. ಇಂದಿಗೂ ಆ ಪ್ರಶ್ನೆ ನೆನೆದರೆ ಮೈ ಉರಿಯುತ್ತದೆ. "ಯಾರೂ ಇಲ್ಲ," ಎಂದು ಪಂದ್ಯವನ್ನೇ ನಿಲ್ಲಿಸಿದೆ.

ಈಶಾ ಹಲವು ವಾರ ಬೆಳಕು ಕಂಡರೆ ಕಣ್ಣು ಮುಚ್ಚುತ್ತಿದ್ದಳು, ಆಮೇಲೆ ಚೇತರಿಸಿಕೊಂಡಳು. ಫೈನಲ್ ಕೆಡಿಸಿದವನೆಂಬ ಹೆಸರು ನನಗೆ ಉಳಿಯಿತು, ಉಳಿಯಲಿ. ಈಗ ಮಕ್ಕಳ ಆಟಕ್ಕೆ ಯಾರು ಕರೆದರೂ ಮೊದಲು ತಂದೆತಾಯಿಯರನ್ನು ನಿಲ್ಲಿಸಿ, ತಲೆಗೆ ಪೆಟ್ಟಾದರೆ ಆ ದಿನ ಮತ್ತೆ ಆಟವಿಲ್ಲ ಎಂಬ ನಿಯಮ ಹೇಳುತ್ತೇನೆ. ಒಪ್ಪದವರು ಮಗುವನ್ನು ಮನೆಗೆ ಕರೆದುಕೊಂಡು ಹೋಗಲಿ, ಅದು ತನ್ನ ಕಾಲ ಮೇಲೆ ನಡೆದು ಹೋಗುವ ಸ್ಥಿತಿಯಲ್ಲಿರುವಾಗಲೇ.