ಅರಕೆರೆಗೆ ಎರಡು ಸಲ ಹೋದ ಲಾರಿ

1998ರಲ್ಲಿ ನಾನು ಒಂದು ಖಾಸಗಿ ಸಕ್ಕರೆ ಕಾರ್ಖಾನೆಯ ಶ್ರೀರಂಗಪಟ್ಟಣ ಕಚೇರಿಯಲ್ಲಿ ಪ್ರೋಗ್ರಾಮರ್ ಆಗಿದ್ದೆ. ಕಡಿದ ಕಬ್ಬು ಯಾರ ಗದ್ದೆಯಲ್ಲಿದೆ, ಲಾರಿ ಎಲ್ಲಿಗೆ ಹೋಗಬೇಕು ಎಂಬ ಬೇಡಿಕೆಯನ್ನು ನಮ್ಮ ಸರ್ವರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಪ್ರೋಗ್ರಾಂ ಟೆಲಿಫೋನ್ ಲೈನಿನಲ್ಲಿ ಕಾರ್ಖಾನೆಯ ವೆಬ್ ಸರ್ವರ್‌ಗೆ ಕಳಿಸುತ್ತಿತ್ತು. ತಲುಪಿದ್ದಕ್ಕೆ ಆ ಕಡೆಯಿಂದ ಉತ್ತರ ಬರಬೇಕು.

ಉತ್ತರ ಬರದಿದ್ದರೆ ಮತ್ತೆ ಕಳಿಸುವಂತೆ ಬರೆಯಲು ಮ್ಯಾನೇಜರ್ ಹೇಳಿದರು. ಬೇಡಿಕೆ ತಲುಪಿ ಉತ್ತರ ಮಾತ್ರ ಕಳೆದುಹೋದರೆ ಒಂದು ಎರಡಾಗುತ್ತದೆ, ಪ್ರತಿ ಬೇಡಿಕೆಗೂ ನಂಬರ್ ಕೊಡೋಣ ಎಂದೆ. "ನಿಮ್ಮ ಪಾಠ ಬೇಡ, ಹೇಳಿದಷ್ಟು ಮಾಡಿ" ಎಂದರು. ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಹಂಗಾಮಿನ ನಡುವೆ ಒಂದು ದಿನ ಡ್ರೈವರ್ ಖಲೀಲ್, ಕಾರ್ಖಾನೆ ಕೊಟ್ಟ ಚೀಟಿಯಂತೆ ಅರಕೆರೆಯ ಒಂದೇ ಗದ್ದೆಗೆ ಎರಡು ಸಲ ಹೋದ. ಎರಡನೆಯ ಸಲ ಅಲ್ಲಿ ತುಂಬಲು ಕಬ್ಬೇ ಇರಲಿಲ್ಲ. ಆ ಲಾರಿ ಬರಬೇಕಿದ್ದದ್ದು ಪಕ್ಕದ ಜಯಮ್ಮನವರ ಗದ್ದೆಗೆ. ಊರಿನವರು ಲಾರಿಯ ಕೀ ಕಿತ್ತುಕೊಂಡು ಅವನನ್ನು ನಮ್ಮ ಕಚೇರಿಗೆ ಎಳೆದುತಂದರು.

"ಅವ್ನತ್ರ ಏನ್ ತಿಂದ್ಬುಟ್ಟು ಎರಡ್ ಸಲ ವೋದ್ಯಲಾ? ನನ್ ಕಬ್ಬು ಅಂಗೇ ಒಣಗ್ತಾ ಬಿದ್ದದೆ" ಎಂದರು ಜಯಮ್ಮ.

"ಖುದಾ ಕಸಮ್ ಅಕ್ಕಾ, ಚೀಟಿ ಕೊಟ್ರು, ಹೋದೆ."

ಮ್ಯಾನೇಜರ್ ಚೀಟಿ ನೋಡಲೂ ಇಲ್ಲ. "ಕಂಪ್ಯೂಟರ್ ತಪ್ಪು ಮಾಡಲ್ಲ. ಇವನನ್ನ ಇವತ್ತೇ ತೆಗೀತೀನಿ" ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಎಲ್ಲರನ್ನೂ ಕಂಪ್ಯೂಟರ್ ಮುಂದೆ ಕರೆದು, ಜಯಮ್ಮನವರ ಬೇಡಿಕೆ ಕಳಿಸಿ, ಉತ್ತರ ಬರುವ ಮೊದಲೇ ಟೆಲಿಫೋನ್ ವೈರು ಕಿತ್ತೆ. ಮತ್ತೆ ಸಿಕ್ಕಿಸಿದಾಗ ಪ್ರೋಗ್ರಾಂ ತಾನಾಗಿಯೇ ಇನ್ನೊಂದು ಸಲ ಕಳಿಸಿತು. ಕಾರ್ಖಾನೆಯ ಪಟ್ಟಿ ತೆರೆದರೆ ಜಯಮ್ಮನವರ ಹೆಸರು ಎರಡು ಕಡೆ ಇತ್ತು.

"ನೋಡಿ ಸಾರ್, ಇವರ ಗದ್ದೆಗೂ ಈಗ ಎರಡು ಲಾರಿ. ಇವರ ಹತ್ರ ಖಲೀಲ್ ಏನು ತಿಂದ?"

ಮ್ಯಾನೇಜರ್ ಎದ್ದು ಒಳಗೆ ಹೋದರು. ಜಯಮ್ಮ ಕೀಯನ್ನು ಖಲೀಲನ ಕೈಗಿಟ್ಟು, "ತಪ್ಪಾಯ್ತು ಕಣಪ್ಪ. ಬಂದು ತುಂಬ್ಕೊಂಡ್ ವೋಗು" ಎಂದರು. ಅವನು ಹೋಗಿ ಆ ಕಬ್ಬನ್ನು ಕಾರ್ಖಾನೆಗೆ ಮುಟ್ಟಿಸಿದ. ಆಮೇಲೆ ಬಂದು ಕೀಯನ್ನು ನನ್ನ ಮೇಜಿನ ಮೇಲಿಟ್ಟ.

"ಚೀಟಿ ನಂಬ್ಕೊಂಡು ಹೋದೆ, ಕಳ್ಳ ಅನ್ನಿಸ್ಕೊಂಡೆ. ನಿಮ್ ಸಾಹೇಬ್ರ ಸಹವಾಸ ಸಾಕು ಮೇಡಂ."

ಎಷ್ಟು ಹೇಳಿದರೂ ನಿಲ್ಲಲಿಲ್ಲ. ಮರುದಿನವೇ ಬೇಡಿಕೆಗಳಿಗೆ ನಂಬರ್ ಹಾಕಿದೆ. ಅದೇ ನಂಬರ್ ಮತ್ತೆ ಬಂದರೆ ಅದನ್ನು ಬಿಟ್ಟುಬಿಡುವಂತೆ ಕಾರ್ಖಾನೆಯ ಸರ್ವರ್‌ನಲ್ಲೂ ಬರೆದೆ. ಈ ಸಲ ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಉತ್ತರ ಬರಲಿಲ್ಲವೆಂದರೆ ಮಾತು ತಲುಪಿಲ್ಲವೆಂದು ತಿಳಿಯಬಾರದು. ಕೆಲಸ ನನಗೆ ಕಲಿಸಿದ್ದು ಇದನ್ನೇ. ಖಲೀಲನ ಮನೆಗೆ ಹೋಗಿ ಕ್ಷಮೆ ಕೇಳಿ ಎಂದು ಮ್ಯಾನೇಜರಿಗೆ ನಾನೂ ಎರಡು ಸಲ ಹೇಳಿದೆ. ಉತ್ತರ ಬರಲಿಲ್ಲ. ಮಾತು ಮೊದಲನೆಯ ಸಲವೇ ತಲುಪಿತ್ತು.