ಎರಡು ಊರಿನ ರೋಹಿಣಿ

ಬೆಳಗಾವಿಯವರಿಗೆ ತಮ್ಮ ಊರಿನ ಹವೆಯ ಬಗ್ಗೆ ಒಂದು ಸೊಕ್ಕು ಇರುತ್ತದೆ. ನನಗೂ ಇತ್ತು. ಮದುವೆಯಾಗಿ ಹೈದರಾಬಾದಿಗೆ ಬಂದ ಮೊದಲ ಬೇಸಿಗೆಯಲ್ಲಿ, ನಾರಾಯಣಗೂಡದ ಅತ್ತೆಯ ಮನೆಯಲ್ಲಿ ಎಲ್ಲರೂ ಕಿಟಕಿಗೆ ಒದ್ದೆ ಚಾದರ ಕಟ್ಟಿಕೊಂಡು ಸುಮ್ಮನೆ ಬಿದ್ದುಕೊಂಡಿರುವಾಗ, ನಾನೊಬ್ಬಳು ಬಚ್ಚಲಿಗೂ ಪಡಸಾಲೆಗೂ ಎಡತಾಕುತ್ತ, "ನಮ್ಮೂರಾಗ ಈಗ ಸಂಜಿಗೆ ಸ್ವೆಟರ್ ಹಾಕ್ಕೋತಾರ" ಎಂದು ಎಲ್ಲರ ಹೊಟ್ಟೆ ಉರಿಸುತ್ತಿದ್ದೆ. ಅದು ಅರ್ಧ ಸುಳ್ಳು. ಮೇ ತಿಂಗಳಿನಲ್ಲೂ ಬೆಳಗಾವಿಯಲ್ಲಿ ಸ್ವೆಟರ್ ಹಾಕಿಕೊಳ್ಳುತ್ತಿದ್ದವಳು ನನ್ನ ಅವ್ವ ಒಬ್ಬಳೇ.

ಅವ್ವನಿಗೆ ಥಂಡಿ ಎಂದರೆ ಜೀವಭಯ. ಅದಕ್ಕೆ ಕಾರಣವಿತ್ತು. ನನಗಿಂತ ಮೊದಲು ಅವಳಿಗೊಂದು ಗಂಡುಮಗು ಹುಟ್ಟಿತ್ತು. ಶ್ರಾವಣದ ಜಡಿಮಳೆ, ಹಸಿ ಗೋಡೆ, ಎಷ್ಟು ಹರವಿದರೂ ಒಣಗದ ಬಟ್ಟೆಗಳು. ಮಗುವಿನ ಎದೆಯಲ್ಲಿ ಥಂಡಿ ಕೂತಿತು, ತಿಂಗಳು ತುಂಬುವುದರೊಳಗೆ ಹೋಗಿಬಿಟ್ಟಿತು. ಆಮೇಲೆ ಹುಟ್ಟಿದ ನಾನು ಉಳಿದದ್ದು ಬೆಚ್ಚಗೆ ಇಟ್ಟಿದ್ದರಿಂದ ಎಂದು ಅವಳು ನಂಬಿದಳು. ಶಾಲೆಗೆ ಹೋಗುವಾಗ ಕಿವಿಗೆ ಹತ್ತಿ, ತಲೆಗೆ ಉಣ್ಣೆಯ ಟೊಪ್ಪಿಗೆ. ಗೆಳತಿಯರು ಕರಡಿ ಬಂತು ಎಂದು ನಗುತ್ತಿದ್ದರು. ಸಿಟ್ಟು ಬಂದು ದಾರಿಯಲ್ಲಿ ಎಲ್ಲ ಕಿತ್ತು ಚೀಲಕ್ಕೆ ತುಂಬುತ್ತಿದ್ದೆ, ಮನೆ ಸಮೀಪ ಬಂದಾಗ ಮತ್ತೆ ಹಾಕಿಕೊಳ್ಳುತ್ತಿದ್ದೆ.

ನನಗೆ ಹೆರಿಗೆ ಮೇ ತಿಂಗಳಿಗೆ ಬರುತ್ತದೆ ಎಂದು ಗೊತ್ತಾದಾಗ ಹೈದರಾಬಾದಿನವರೆಲ್ಲ ಅಯ್ಯೋ ಅಂದರು. ನಾನು ಹೆದರಲಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ ತಾನೇ? ಸಂಜೆ ತಂಗಾಳಿ ಬೀಸುವ ಊರಿನಲ್ಲಿ ಕಾಲು ಚಾಚಿ ಮಲಗುವೆ, ನೀವು ಇಲ್ಲಿ ಬೇಯಿರಿ ಎಂದು ಗಂಡನಿಗೆ ಹೇಳಿದ್ದೆ. ಏಳನೆಯ ತಿಂಗಳಿನಲ್ಲಿ ರಕ್ತದೊತ್ತಡ ಏರಿತು. ಡಾಕ್ಟರು ಪ್ರಯಾಣ ಬೇಡವೇ ಬೇಡ ಅಂದರು. ನಾನು ತವರಿಗೆ ಹೋಗುವ ಬದಲು ತವರೇ ನನ್ನ ಬಳಿ ಬರಬೇಕಾಯಿತು.

ಅವ್ವ ಬಂದಳು. ಬೇಗಂಪೇಟೆ ಸ್ಟೇಷನ್ನಿನಿಂದ ಅವಳನ್ನು ಕರೆತಂದ ನನ್ನ ಗಂಡ ಗೋಣಿಚೀಲ ಇಳಿಸುತ್ತ, "ಅತ್ತಿಯವರ, ಬ್ಯಾಸಗಿಯಾಗ ಹೈದರಾಬಾದಿಗೆ ಬೆಂಕಿ ತಂದೀರಲ್ರಿ" ಎಂದು ನಕ್ಕರು. ಚೀಲದಲ್ಲಿ ಕಬ್ಬಿಣದ ಶೇಗಡಿ ಇತ್ತು. ಬಾಣಂತಿಗೆ ಮೈ ಕಾಯಿಸಲು ಇದ್ದಿಲು ಹಾಕಿ ಇಡುವ ಒಲೆ. ಜೊತೆಗೆ ಅಳವಿ ಬೀಜ, ಅಂಟಿನ ಉಂಡಿ, ಓಂಕಾಳು, ಲೋಬಾನ, ಮಗುವಿನ ತಲೆಯಿಂದ ಬೆನ್ನಿನ ತನಕ ಮುಚ್ಚುವ ಕುಂಚಿಗೆಗಳು, ಅವಳೇ ಹೆಣೆದ ಸಣ್ಣ ಸ್ವೆಟರು, ತನ್ನ ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದು ಮಾಡಿದ ಕೌದಿ. ಕೌದಿಯ ಅಂಚಿಗೆ ಎಷ್ಟು ಚೆಂದ ಕುಚ್ಚು ಕಟ್ಟಿದ್ದಳೆಂದರೆ, ನೋಡಿ ನನಗೆ ಅಳು ಬಂತು.

ಅಷ್ಟರಲ್ಲಿ ನಾನೂ ಗಂಡನೂ ಮಣಿಕೊಂಡದಲ್ಲಿ ಬೇರೆ ಮನೆ ಮಾಡಿದ್ದೆವು, ಕಟ್ಟಕಡೆಯ ಅಂತಸ್ತಿನದು. ಮಲಗುವ ಕೋಣೆಗೆ ಪಡುವಣ ಗೋಡೆ. ಹಿಂದೆ ಇನ್ನೂ ಒಡೆಯದೆ ಬಿಟ್ಟ ಬಂಡೆಗಳ ಗುಡ್ಡ. ಹಗಲೆಲ್ಲ ಕಾದ ಬಂಡೆ ಸಂಜೆಯಾದ ಮೇಲೆ ಉಸಿರು ಬಿಡಲು ಶುರುಮಾಡುತ್ತದೆ. ಮಧ್ಯಾಹ್ನ ತಣ್ಣೀರಿನ ನಳ ತಿರುಗಿಸಿದರೂ ಕೈ ಸುಡುವ ನೀರು. ಈ ಊರಿನಲ್ಲಿ ಅವ್ವನಿಗೆ ಹಿಡಿಸಿದ್ದು ಅದೊಂದೇ. "ಚೊಲೋ ಆತು, ನೀರ ಕಾಸಾಕ ಬಂಬಕ್ಕ ಉರಿ ಹಾಕೂದ ಬ್ಯಾಡ. ದೇವರೇ ಕಾಸಿ ಕೊಡತಾನ" ಅಂದಳು.

ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಅವ್ವನ ರಾಜ್ಯಭಾರ ಶುರುವಾಯಿತು. ಎ.ಸಿ. ಬಂದ್. ಅದರ ರಿಮೋಟು ಅವಳ ಚೀಲದೊಳಗೆ, ಸೀರೆಗಳ ಅಡಿಯಲ್ಲಿ. ಫ್ಯಾನು ಬಂದ್. ಕಿಟಕಿಗೆ ದಪ್ಪ ಪರದೆ. ನನ್ನ ಕಿವಿಗೆ ಹತ್ತಿ, ತಲೆಗೆ ಉಣ್ಣೆಯ ಸ್ಕಾರ್ಫು. ಬೆಳಗ್ಗೆ ಸುಡುಸುಡು ನೀರೆರೆದು, ಶೇಗಡಿಯ ಪಕ್ಕ ಕೂರಿಸಿ ಮೈ ಕಾಯಿಸುತ್ತಿದ್ದಳು. ಮಗುವಿಗೆ ಓಂಕಾಳಿನ ಹೊಗೆ ಹಾಕಿ, ಅಂಗಿ, ಅದರ ಮೇಲೆ ಸ್ವೆಟರು, ಕುಂಚಿಗೆ, ಕೊನೆಗೆ ಕೌದಿ. ನನ್ನ ಗಂಡ ಪಾಪ, ಪಡಸಾಲೆಯಲ್ಲಿ ಒದ್ದೆ ಟವೆಲ್ ಹಾಸಿಕೊಂಡು ನೆಲದ ಮೇಲೆ ಮಲಗುತ್ತಿದ್ದರು. ಬಾಗಿಲ ಸಂದಿಯಿಂದ ನಮ್ಮನ್ನು ನೋಡಿ, "ಒಳಗ ರೊಟ್ಟಿ ಬೇಯಾಕತ್ತಾವೇನ?" ಎಂದು ಪಿಸುಗುಟ್ಟುತ್ತಿದ್ದರು.

ನಕ್ಕು ಹೇಳುತ್ತಿದ್ದೇನೆ, ಆಗ ನಗು ಬರುತ್ತಿರಲಿಲ್ಲ. ಎಲ್ಲಕ್ಕಿಂತ ಕಷ್ಟವೆಂದರೆ ನೀರು. "ಬಾಣಂತಿ ನೀರ ಕುಡದ್ರ ಹೊಟ್ಟಿ ಇಳಿಯಂಗಿಲ್ಲ. ಕೂಸಿಗೂ ಥಂಡಿ ಆಗತೈತಿ" ಎಂದು ಓಂಕಾಳು ಹಾಕಿ ಕಾಸಿದ ನೀರನ್ನು ಅರ್ಧರ್ಧ ಲೋಟ ಕೊಡುತ್ತಿದ್ದಳು. ಕಾಲೇಜಿನಲ್ಲಿ ಪಾಠ ಹೇಳುವ ಹೆಂಗಸು ನಾನು, ಬಚ್ಚಲಿಗೆ ಹೋಗಿ ನಳಕ್ಕೆ ಬೊಗಸೆಯೊಡ್ಡಿ ಕದ್ದು ಕುಡಿಯುತ್ತಿದ್ದೆ. ಆ ನೀರೂ ಬಿಸಿ. ಯಾಕೆ ಎದುರಾಡಲಿಲ್ಲ ಎಂದು ನನ್ನ ಗೆಳತಿಯರು ಈಗಲೂ ಕೇಳುತ್ತಾರೆ. ಆಡಿದ್ದೆ, ಒಂದು ಸಲ. ಅವ್ವ ಮಗುವಿನ ಎದೆಯ ಮೇಲೆ ಅಂಗೈ ಇಟ್ಟು, ಉಸಿರು ಗೊರಗೊರ ಅನ್ನುತ್ತಿದೆಯೇ ಎಂದು ಕಿವಿಗೊಟ್ಟು ಕೇಳಿದಳು. ಸಂಪ್ರದಾಯದ ಜೊತೆ ಜಗಳ ಆಡಬಹುದು. ಅವ್ವ ಕಳೆದುಕೊಂಡ ಕೂಸಿನ ಜೊತೆ ಹೇಗೆ ಜಗಳ ಆಡುವುದು?

ಹೀಗೇ ಒಂದು ವಾರ ಕಳೆದಿರಬೇಕು, ಅತ್ತೆ ಮೊಮ್ಮಗಳನ್ನು ನೋಡಲು ನಾರಾಯಣಗೂಡದಿಂದ ಬಂದರು. ಅವರ ಕಡೆಯವರು ಕಲಬುರಗಿಯಿಂದ ಬಂದು ಸರ್ಕಾರಿ ನೌಕರಿ ಹಿಡಿದು ಇಲ್ಲೇ ನೆಲೆ ನಿಂತವರು. ಅತ್ತೆಯ ಕನ್ನಡದಲ್ಲಿ ತೆಲುಗು ಅರ್ಧ, ಹಿಂದಿ ಕಾಲು. ಕೋಣೆಗೆ ಕಾಲಿಟ್ಟವರೇ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. ಕೌದಿಯೊಳಗೆ ಮೂಗಷ್ಟೇ ಕಾಣುತ್ತಿದ್ದ ಮಗುವನ್ನು ನೋಡಿದರು, ಅವ್ವನನ್ನು ನೋಡಿದರು. ಚೊಚ್ಚಲ ಬಾಣಂತನ ತವರಿನವರ ಹಕ್ಕು. ಅದರಲ್ಲಿ ಬೀಗರು ಬಾಯಿ ಹಾಕಿದರೆ ಮರ್ಯಾದೆಯಲ್ಲ. ಹಾಗಾಗಿ ಅತ್ತೆ ಸುತ್ತಿ ಬಳಸಿ ಹೇಳಿದರು.

"ಬೀಗರ, ನಾಳಿಂದ ರೋಹಿಣಿ ಹತ್ತತೈತ್ರಿ. ಕೂಸಿನ್ನ ಜ್ವಾಕಿ ನೋಡ್ಕೋರಿ."

"ಹೌದ್ರಿ, ನನಗೂ ಅದ ಚಿಂತಿ. ನೋಡ್ಕೋತೀನ್ರಿ" ಅಂದಳು ಅವ್ವ.

ಇಬ್ಬರೂ ಸಮಾಧಾನದಿಂದ ಬೀಳ್ಕೊಂಡರು. ಇಬ್ಬರೂ ಹೇಳಿದ್ದು ಒಂದೇ ನಕ್ಷತ್ರದ ಹೆಸರು. ಅತ್ತೆಯ ರೋಹಿಣಿ ತೆಲುಗರ ರೋಹಿಣಿ ಕಾರ್ತೆ, ವರ್ಷದ ಅತಿ ಕೆಟ್ಟ ಬಿಸಿಲು. ಆ ದಿನಗಳಲ್ಲಿ ಕಲ್ಲಿನ ಒರಳೂ ಬಿರಿಯುತ್ತದೆ ಎಂದು ಇಲ್ಲಿ ಗಾದೆಯಿದೆ. ಅವ್ವನ ರೋಹಿಣಿ ಮಳೆ. ರೋಹಿಣಿ ಮಳೆ ಬಂದರೆ ಓಣಿ ತುಂಬ ಜೋಳ ಎಂದು ಕೇಳುತ್ತ ಬೆಳೆದವಳು ಅವಳು. ಅರೆನಿದ್ದೆಯಲ್ಲಿದ್ದ ನನಗೆ ಇದು ಹೊಳೆಯಲಿಲ್ಲ.

ಅವತ್ತು ಸಂಜೆ ಅವ್ವ ಮಗುವಿಗೆ ಇನ್ನೊಂದು ದುಪಟಿ ಹೊದಿಸಿದಳು. ಅವಳ ಕುಪ್ಪಸವೇ ಬೆವರಿನಿಂದ ಬೆನ್ನಿಗೆ ಅಂಟಿತ್ತು. "ಇಷ್ಟ ಕುದಿಯಾಕತ್ತೈತಿ ಅಂದ್ರ ಮಳಿ ಸಮೀಪ ಬಂತಂತ ಅರ್ಥ. ಒಮ್ಮಿಗೇ ತಂಪ ಆತಂದ್ರ ಕೂಸಿಗೆ ತಡಿಯಂಗಿಲ್ಲ" ಅಂದಳು. ಪರದೆ ಸರಿಸಿ ಆಕಾಶ ನೋಡಿದಳು. ಅಲ್ಲಿ ಒಂದು ಹತ್ತಿಯೆಳೆಯಷ್ಟೂ ಮೋಡ ಇರಲಿಲ್ಲ.

ಮರುದಿನ ಮಧ್ಯಾಹ್ನ ಮಗು ಹಾಲು ಕುಡಿಯಲಿಲ್ಲ. ಬೆಳಗ್ಗೆಯಿಂದ ಕಿರಿಕಿರಿ ಮಾಡಿ ಅತ್ತಿತ್ತು, ಆಮೇಲೆ ಸುಮ್ಮನಾಗಿತ್ತು. ಪಾಪ ಮಲಗಿದೆ ಎಂದುಕೊಂಡೆವು. ಎದೆಗೆ ಹಚ್ಚಿದರೆ ಬಾಯಿ ತೆರೆಯಲಿಲ್ಲ, ಕತ್ತು ಒಂದು ಕಡೆಗೆ ವಾಲಿತು. ಕೆನ್ನೆ ನನ್ನ ಮೈಗೆ ತಾಗಿದ್ದೇ ನಾನು ಬೆಚ್ಚಿಬಿದ್ದೆ. ಒಲೆಯ ಮೇಲಿನಿಂದ ಆಗಷ್ಟೇ ಇಳಿಸಿದ ಪಾತ್ರೆಯಂತಿತ್ತು. ಕೆಳಗಿನ ಬಟ್ಟೆ ಮುಟ್ಟಿ ನೋಡಿದೆ. ಒಣಗಿತ್ತು. ಬೆಳಗ್ಗೆ ಕಟ್ಟಿದ ಬಟ್ಟೆ ಹಾಗೇ ಇತ್ತು.

"ಅವ್ವಾ, ಕೂಸಿನ ಮೈ ನೋಡ."

ಅವ್ವ ಹಣೆ ಮುಟ್ಟಿದಳು. "ಬೆಚ್ಚಗ ಐತಿ" ಅಂದಳು. ಅವಳ ಬಾಯಲ್ಲಿ ಅದು ಚೆನ್ನಾಗಿದೆ ಎಂಬ ಮಾತು. ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿದವಳಂತೆ ಮತ್ತೆ ಮುಟ್ಟಿದಳು, ಈ ಸಲ ಹೊಟ್ಟೆಯನ್ನು. ಕೈ ಹಿಂದೆ ತೆಗೆದಳು.

ಗಂಡ ಆಫೀಸಿನಲ್ಲಿದ್ದರು. ಅವರಿಗೆ ಫೋನು ಮಾಡುತ್ತಲೇ ಕೆಳಗಿಳಿದು, ಗೇಟಿನ ಮುಂದೆ ಸಿಕ್ಕ ಆಟೊ ಹತ್ತಿದೆವು. ಹೊರಗೆ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ನಾನು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ದುಪಟಿ ತೆಗೆದೆ, ಕೌದಿ ತೆಗೆದೆ, ಕುಂಚಿಗೆ ಬಿಚ್ಚಿದೆ, ಸ್ವೆಟರಿನ ಗುಂಡಿ ಬಿಚ್ಚಲಾಗದೆ ಹರಿದೇಬಿಟ್ಟೆ. ಅವ್ವ "ಗಾಳಿ, ಗಾಳಿ" ಎಂದು ನೆತ್ತಿಯ ಮೇಲೆ ಅಂಗೈ ಅಡ್ಡ ಹಿಡಿದಳು. "ಕೈ ತಗಿ!" ಎಂದು ಚೀರಿದೆ. ಆಟೊದವನು ತಿರುಗಿ ನೋಡಿದ. ಅವ್ವ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಆ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಈ ಮಗು ನನಗೆ ಉಳಿಯಬೇಕು. ಅವ್ವನ ಮೇಲೆ ನನಗೆ ಆಗ ದ್ವೇಷವೇ ಇತ್ತು. ಇದನ್ನು ಬರೆಯಲು ಕಷ್ಟವಾಗುತ್ತದೆ, ಆದರೆ ಇತ್ತು.

ಆಸ್ಪತ್ರೆಯ ಡಾಕ್ಟರಮ್ಮ ಮಗುವನ್ನು ಬರಿಮೈ ಮಾಡಿ, ಒದ್ದೆ ಬಟ್ಟೆಯಿಂದ ಒರೆಸಿ, ಪುಟ್ಟ ಕೈಗೆ ಸಲೈನ್ ಸೂಜಿ ಚುಚ್ಚಿದರು. ಮಗು ಕ್ಷೀಣವಾಗಿ ಅತ್ತಿತು. ನನ್ನ ಕೈಯಲ್ಲಿದ್ದ ಕೌದಿಯನ್ನು, ಸ್ವೆಟರನ್ನು ನೋಡಿ, ಪಕ್ಕದಲ್ಲಿದ್ದ ಅವ್ವನ ಕಡೆ ತಿರುಗಿ ಅವರು ಕೆಂಡವಾದರು. "ಇಂತ ಎಂಡಲೋ ಸ್ವೆಟರಾ? ಎವರಮ್ಮಾ ಇಲಾ ಚುಟ್ಟಿಂದಿ?" ಇಂಥ ಬಿಸಿಲಿನಲ್ಲಿ ಹೀಗೆ ಸುತ್ತಿದವರು ಯಾರು ಎಂದು. ಇನ್ನೂ ಸ್ವಲ್ಪ ತಡವಾಗಿದ್ದರೆ ಎಂದು ಶುರುಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು.

ಅವ್ವನಿಗೆ ತೆಲುಗು ಒಂದಕ್ಷರ ಬಾರದು. ಹೊರಗೆ ಬೆಂಚಿನ ಮೇಲೆ ಕೂತಾಗ, "ಡಾಕ್ಟರ್ ಏನಂದ್ರು?" ಎಂದು ಕೇಳಿದಳು.

"ಧಗಿ ಭಾಳ ಐತಿ, ಸಣ್ಣ ಕೂಸುಗಳಿಗೆ ಹಿಂಗ ಆಗತೈತಿ ಅಂದ್ರು."

"ಹಂಗಲ್ಲ. ನನ್ನ ಕಡೆ ನೋಡಿ ಅಂದ್ರು."

ಸಂಜೆ ಗಂಡ, ಅತ್ತೆ ಇಬ್ಬರೂ ಬಂದರು. ರಕ್ತ ಪರೀಕ್ಷೆಯಲ್ಲಿ ಸೋಂಕು ಏನೂ ಕಾಣಲಿಲ್ಲ. ಮೈಯಲ್ಲಿ ನೀರು ಬತ್ತಿ, ಕಾವು ಏರಿದ್ದು ಅಷ್ಟೇ ಎಂದು ಡಾಕ್ಟರು ಹೇಳಿದರು. ಅತ್ತೆ ಅವ್ವನ ಪಕ್ಕದಲ್ಲಿ ಕೂತರು. ಅವ್ವ ತಲೆಯೆತ್ತದೆ ಕೇಳಿದಳು.

"ನೀವು ರೋಹಿಣಿ ಅಂದ್ರಲ್ರಿ ಬೀಗರ?"

"ಹೌದ್ರಿ. ಒಳ್ಳು ಒಡಿಯೂ ಬಿಸಲ್ರಿ ಅದು."

"ನಮ್ಮಲ್ಲಿ ಮಳಿ" ಅಂದಳು ಅವ್ವ. ಅತ್ತೆ ಅವಳ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತರು. "ನಾನ ಬಾಯಿ ಬಿಟ್ಟು ಹೇಳಬೇಕಿತ್ತು" ಎಂದು ನನ್ನ ಗಂಡನಿಗೆ ಆಮೇಲೆ ಹೇಳಿದರಂತೆ.

ಎರಡು ದಿನಕ್ಕೆ ಮಗು ಮೊದಲಿನಂತೆ ಹಾಲು ಕುಡಿಯಿತು, ಬಟ್ಟೆ ಒದ್ದೆ ಮಾಡಿತು. ಆ ಒದ್ದೆ ಬಟ್ಟೆ ಕಂಡು ನಾನೂ ನನ್ನ ಗಂಡನೂ ಹಬ್ಬದಂತೆ ಸಂತೋಷಪಟ್ಟೆವು. ಮನೆಗೆ ಬಂದಾಗ ಶೇಗಡಿ ಇರಲಿಲ್ಲ. ಬಾಣಂತಿ ಕೋಣೆಯ ಕಿಟಕಿಗೆ ಒದ್ದೆ ಚಾದರ ಕಟ್ಟಿತ್ತು, ಮಂಚದ ಪಕ್ಕ ತುಂಬಿದ ನೀರಿನ ತಂಬಿಗೆ ಇತ್ತು. ಅವ್ವ ನನಗೆ ಅಡುಗೆ ಮಾಡಿ ಬಡಿಸುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ನೀರು ಕುಡಿದೆಯಾ ಎಂದು ಗಳಿಗೆಗೊಮ್ಮೆ ಕೇಳುತ್ತಿದ್ದಳು. ಕೋಣೆಯ ಒಳಗೆ ಮಾತ್ರ ಬರುತ್ತಿರಲಿಲ್ಲ. ನನಗೆ ಮೊದಮೊದಲು ಅದು ಗಮನಕ್ಕೆ ಬರಲಿಲ್ಲ. ನಿಜ ಹೇಳಬೇಕೆಂದರೆ, ಹಾಯೆನಿಸಿತ್ತು.

ಒಂದು ಬೆಳಗ್ಗೆ ನಾನು ಸ್ನಾನಕ್ಕೆ ಹೋಗಿದ್ದೆ. ಮಗು ಅಳತೊಡಗಿತು. ಅವ್ವ ಇದ್ದಾಳಲ್ಲ ಎಂದು ತಲೆಗೆ ನೀರು ಹಾಕಿಕೊಂಡೆ. ಅಳು ಏರಿತು, ಕೊರಳು ಬಿರಿಯುವಂತಾಯಿತು. ಒದ್ದೆ ಕೂದಲಿನಲ್ಲೇ ಓಡಿಬಂದೆ. ಅವ್ವ ತೊಟ್ಟಿಲಿನ ಪಕ್ಕದಲ್ಲೇ ನಿಂತಿದ್ದಳು. ಎರಡೂ ಕೈಗಳನ್ನು ಸೆರಗಿನೊಳಗೆ ಮುದುಡಿಕೊಂಡಿದ್ದಳು. ಕಣ್ಣಿನಿಂದ ನೀರು ಸುರಿಯುತ್ತಿತ್ತು.

"ಯಾಕ ಎತ್ತಿಕೊಂಡಿಲ್ಲಬೇ?"

"ನೀ ಹೇಳಿರಲಿಲ್ಲ" ಅಂದಳು.

ನನ್ನನ್ನು ಹೆತ್ತವಳು, ಹಗಲಿರುಳು ಎದೆಗವಚಿಕೊಂಡು ಬೆಳೆಸಿದವಳು, ನನ್ನ ಅಪ್ಪಣೆಗೆ ಕಾದು ನಿಂತಿದ್ದಳು. ಆಟೊದಲ್ಲಿ ನಾನು ಚೀರಿದ ಎರಡು ಮಾತನ್ನು ಅವಳು ಅಲ್ಲಿಂದ ಇಲ್ಲಿಯವರೆಗೆ ಪಾಲಿಸಿಕೊಂಡು ಬಂದಿದ್ದಳು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ, ಉಳಿದದ್ದು ಸಂಕಟ. ಮಗುವನ್ನು ಎತ್ತಿ ಅವಳ ಕಡೆ ಚಾಚಿದೆ. "ತಗೋಬೇ ಅವ್ವಾ" ಅಂದೆ.

ಅವ್ವ ತೆಗೆದುಕೊಂಡಳು. ಎದೆಗೆ ಒತ್ತಿಕೊಳ್ಳಲಿಲ್ಲ. ಎರಡೂ ತೋಳು ಮುಂದೆ ಚಾಚಿ, ತನ್ನ ಮೈ ತಾಗದ ಹಾಗೆ ಹಿಡಿದಳು. ನನ್ನ ಮುಖ ನೋಡಿ ಕೇಳಿದಳು:

"ನನ್ನ ಮೈ ಕಾವು ಹತ್ತಬಾರದು. ಇಷ್ಟ ದೂರ ಸಾಕೇನ?"